ಬೈಕ್ ನಮ್ಮದು, ಸದ್ದು ಎಲ್ಲರದು

ನಿಮ್ಮ ಮನೆಯಲ್ಲೂ ಒಂದು ಬೈಕ್ ಇರಬಹುದು. ಅದರ ಗಾಳಿ, ಬ್ರೇಕ್, ಪೆಟ್ರೋಲ್ ಇವುಗಳನ್ನು ನೀವು ಆಗಾಗ ನೋಡಿಕೊಳ್ಳುತ್ತಿರಬಹುದು. ಆದರೆ ಅದರ ಬದಿಯಲ್ಲಿ ಉದ್ದಕ್ಕೆ ಮಲಗಿರುವ ಸೈಲೆನ್ಸರನ್ನು ಎಂದಾದರೂ ಬಗ್ಗಿ ನೋಡಿದ್ದೀರಾ? ನಾನಂತೂ ನೋಡಿರಲಿಲ್ಲ. ಯಾವುದನ್ನೂ ಪರೀಕ್ಷಿಸಿಯೇ ಕೊಳ್ಳಬೇಕೆಂದು ತರಗತಿಯಲ್ಲಿ ವರ್ಷಗಳಿಂದ ಬುದ್ಧಿ ಹೇಳುತ್ತಿರುವ ನಾನು, ಮಗನಿಗೆಂದು ಹಳೆಯ ಬೈಕೊಂದನ್ನು ಕೊಳ್ಳುವಾಗ ಬಣ್ಣ ನೋಡಿದೆ, ಟಯರ್ ನೋಡಿದೆ, ಆರ್‌ಸಿ ನೋಡಿದೆ. ಸೈಲೆನ್ಸರ್ ಮಾತ್ರ ನೋಡಲಿಲ್ಲ. ಆ ಒಂದು ಅಲಕ್ಷ್ಯ ನಮ್ಮ ಮನೆಗೆ ಕಲಿಸಿದ ಪಾಠವನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು. ನಮ್ಮ ಮನೆಯ ತಪ್ಪು ನಿಮ್ಮ ಮನೆಗೆ ಎಚ್ಚರಿಕೆಯಾದರೆ ಅಷ್ಟೇ ಸಾಕು.

ಅಗ್ಗಕ್ಕೆ ಸಿಕ್ಕಿದ ಖುಷಿ

ಮಗ ಡಿಗ್ರಿ ಓದುತ್ತಿದ್ದಾನೆ. ಬೆಳಿಗ್ಗೆ ಕಾಲೇಜು, ಸಂಜೆ ಪುತ್ತೂರು ಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ನಮ್ಮ ಹಳ್ಳಿಗೆ ಕೊನೆಯ ಬಸ್ಸು ಬೇಗ ಹೋಗಿಬಿಡುತ್ತದೆ. ಬೈಕ್ ಇಲ್ಲದೆ ನಡೆಯದು ಎಂಬ ಸ್ಥಿತಿ. ಪರಿಚಯದವರ ಮೂಲಕ 2018ರ ಮಾದರಿಯ 150 ಸಿಸಿ ಬೈಕೊಂದು ಸಿಕ್ಕಿತು. ಬೇರೆಡೆ ಕೇಳಿದ್ದಕ್ಕಿಂತ ಐದು ಸಾವಿರ ಕಡಿಮೆ. ಚೌಕಾಸಿಯಲ್ಲಿ ಗೆದ್ದೆನೆಂದು ಒಂದು ವಾರ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಸದ್ದು ತುಸು ಹೆಚ್ಚು ಅನ್ನಿಸಿತ್ತು ನಿಜ. "ಮಗ ಬರುವ ಹೊತ್ತಿಗೆ ಚಹಾ ಇಡಲು ಗಡಿಯಾರ ನೋಡಬೇಕಾಗಿಲ್ಲ, ತೋಡಿನ ಸೇತುವೆ ದಾಟುವಾಗಲೇ ಗೊತ್ತಾಗುತ್ತದೆ" ಎಂದು ಪತ್ನಿ ಹೇಳಿದಾಗ ನಾನು ನಕ್ಕುಬಿಟ್ಟೆ. ಪಕ್ಕದ ಮನೆಯಲ್ಲಿ ಹೃದಯದ ತೊಂದರೆಯಿರುವ ಒಬ್ಬ ಅಜ್ಜಿ ಇದ್ದಾರೆ. ಅವರು ಒಂದು ಮಾತನ್ನೂ ಆಡಲಿಲ್ಲ. ಸೆಕೆಗಾಲ ಶುರುವಾಗಿದ್ದರೂ ಅವರ ಕೋಣೆಯ ಕಿಟಕಿ ಮುಚ್ಚತೊಡಗಿತು, ಅಷ್ಟೇ. ಅದನ್ನು ನೋಡಿಯೂ ನಾನು ಅರ್ಥ ಮಾಡಿಕೊಳ್ಳಲಿಲ್ಲ.

ಒಂದು ಭಾನುವಾರ ಎಂಟು ವರ್ಷದ ಮಗಳು ಅಣ್ಣನ ಹಿಂದೆ ಕುಳಿತು ಅಂಗಡಿಗೆ ಹೋದಳು. ಇಳಿಯುವಾಗ ಅವಳ ಮೀನಖಂಡ ಸೈಲೆನ್ಸರಿಗೆ ತಗಲಿತು. ಅಂಗೈಯಗಲ ಚರ್ಮ ಸುಟ್ಟು ಗುಳ್ಳೆ ಎದ್ದಿತು. ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್ ಹಚ್ಚಲು ಹೊರಟವರನ್ನು ತಡೆದು, ಪತ್ನಿ ಅವಳ ಕಾಲನ್ನು ಇಪ್ಪತ್ತು ನಿಮಿಷ ನಳ್ಳಿಯ ತಣ್ಣೀರಿನ ಕೆಳಗೆ ಹಿಡಿದಳು. ನಂತರ ವೈದ್ಯರಲ್ಲಿಗೆ ಒಯ್ದೆವು. ಸುಟ್ಟ ಗಾಯಕ್ಕೆ ಮೊದಲ ಉಪಚಾರ ಹರಿಯುವ ತಣ್ಣೀರು ಎಂಬುದನ್ನು ನೀವೂ ನೆನಪಿಡಿ. ಮಂಜುಗಡ್ಡೆ, ಪೇಸ್ಟ್, ಅರಸಿನ ಯಾವುದೂ ಬೇಡ.

ಮಗಳು ಅಳು ನಿಲ್ಲಿಸಿದ ಮೇಲೆ ನಾನು ಅಂಗಳಕ್ಕೆ ಹೋಗಿ ಮೊದಲ ಬಾರಿ ಆ ಸೈಲೆನ್ಸರನ್ನು ಸರಿಯಾಗಿ ನೋಡಿದೆ. ಅದರ ಮೇಲೆ ಶಾಖ ತಡೆಯುವ ತಗಡೇ ಇರಲಿಲ್ಲ.

ತಲೆ ಒಬ್ಬರದು, ಬಾಲ ಇನ್ನೊಬ್ಬರದು

ಮರುದಿನ ಪೇಟೆಯ ಒಬ್ಬ ಹಳೆಯ ಮೆಕ್ಯಾನಿಕರಲ್ಲಿಗೆ ಬೈಕ್ ಒಯ್ದೆವು. ಅವರು ಒಮ್ಮೆ ಬಗ್ಗಿ ನೋಡಿ ನಕ್ಕರು. "ಮಾಷ್ಟ್ರೇ, ಇದಕ್ಕೆ ತಲೆ ಒಬ್ಬರದು, ಬಾಲ ಇನ್ನೊಬ್ಬರದು."

ಇಂಜಿನ್ನಿನಿಂದ ಹೊರಡುವ ಬೆಂಡ್ ಪೈಪ್ ಮಾತ್ರ ಈ ಬೈಕಿನದ್ದು. ಹಿಂದಿನ ಡಬ್ಬಿ ಬೇರೆ ಯಾವುದೋ ದೊಡ್ಡ ಬೈಕಿನದ್ದು. ಎರಡರ ಅಳತೆ ಹೊಂದದೆ, ನಡುವಿನ ಸಂದಿಗೆ ತಗಡು ಸುತ್ತಿ ವೆಲ್ಡಿಂಗ್ ಮಾಡಿದ್ದರು. ಬೋಲ್ಟ್ ಕೂರಿಸಲು ತೂತನ್ನು ಉದ್ದಕ್ಕೆ ಕೊರೆದಿದ್ದರು. ಡಬ್ಬಿಯ ಒಳಗಿನ ಪರದೆಗಳನ್ನೂ ಯಾರೋ ತೆಗೆದುಹಾಕಿದ್ದರು. ಬೆಸುಗೆಯ ಸುತ್ತ ಕಪ್ಪು ಮಸಿ ಹಿಡಿದಿತ್ತು. ಅಂದರೆ ಹೊಗೆ ಅಲ್ಲಿಂದಲೇ ಸೋರುತ್ತಿತ್ತು.

ಸೈಲೆನ್ಸರ್ ಎಂದರೆ ಹೊಗೆ ಹೋಗುವ ಒಂದು ಕೊಳವೆ ಎಂದಷ್ಟೇ ನಮ್ಮಲ್ಲಿ ಹೆಚ್ಚಿನವರ ತಿಳಿವಳಿಕೆ. ಅದರ ಕೆಲಸ ಅಷ್ಟು ಸುಲಭದ್ದಲ್ಲ. ನಾಲ್ಕು ಸ್ಟ್ರೋಕಿನ ಒಂದು ಸಿಲಿಂಡರ್ ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಅದರೊಳಗೆ ಸೆಕೆಂಡಿಗೆ 25 ಬಾರಿ ಇಂಧನ ಉರಿಯುತ್ತದೆ. ಪ್ರತಿ ಸಲವೂ ಬಿಸಿ ಅನಿಲ ಭಾರೀ ಒತ್ತಡದಿಂದ ಹೊರನುಗ್ಗುತ್ತದೆ. ಸೆಕೆಂಡಿಗೆ ಇಪ್ಪತ್ತೈದು ಪಟಾಕಿ ಸಿಡಿದಂತೆ ಎಂದುಕೊಳ್ಳಿ. ಸೈಲೆನ್ಸರಿನ ಒಳಗೆ ಸಣ್ಣ ಸಣ್ಣ ಕೋಣೆಗಳು, ತೂತುಗಳಿರುವ ಕೊಳವೆಗಳು ಇರುತ್ತವೆ. ಸದ್ದಿನ ಅಲೆಗಳು ಅವುಗಳಲ್ಲಿ ಬಡಿದು, ಹಿಂದಿರುಗಿ, ಒಂದನ್ನೊಂದು ತಗ್ಗಿಸುತ್ತ ಕೊನೆಗೆ ಮೆತ್ತಗಾಗಿ ಹೊರಬರುತ್ತವೆ. ಆ ಕೋಣೆಗಳ ಗಾತ್ರ, ಕೊಳವೆಯ ಉದ್ದ, ವ್ಯಾಸ ಎಲ್ಲವನ್ನೂ ಆಯಾ ಇಂಜಿನ್ನಿನ ಅಳತೆ ನೋಡಿಯೇ ನಿರ್ಧರಿಸುತ್ತಾರೆ. ಒಬ್ಬರ ಕನ್ನಡಕ ಇನ್ನೊಬ್ಬರ ಮೂಗಿಗೆ ಕೂತೀತು. ಆದರೆ ಅದರಿಂದ ಕಣ್ಣು ಕಂಡೀತೇ?

"ಸೈಲೆನ್ಸರ್ ತೆರೆದಷ್ಟೂ ಪಿಕಪ್ ಹೆಚ್ಚು ಅಂತಾರಲ್ಲ?" ಎಂದು ಮಗ ಕೇಳಿದ. ಮೆಕ್ಯಾನಿಕ್ ತಲೆ ಅಲ್ಲಾಡಿಸಿದರು. ಅಳತೆ ತಪ್ಪಿದ ಸೈಲೆನ್ಸರ್ ಹಾಕಿದರೆ ನಿಧಾನವಾಗಿ ಹೋಗುವಾಗ, ಏರು ಹತ್ತುವಾಗ ಇಂಜಿನ್ ಎಳೆಯುವುದು ಕಡಿಮೆಯಾಗಬಹುದು. ಕಾರ್ಬ್ಯುರೇಟರನ್ನು ಮೂಲ ಸೈಲೆನ್ಸರಿಗೆ ಹೊಂದಿಸಿರುವುದರಿಂದ ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ ಏರುಪೇರಾಗುತ್ತದೆ, ಇಂಜಿನ್ ಬಿಸಿಯಾಗುತ್ತದೆ. ಎಕ್ಸಿಲರೇಟರ್ ಬಿಟ್ಟಾಗ 'ಪಟ್ ಪಟ್' ಎಂದು ಸಿಡಿಯುವ ಸದ್ದಿಗೆ ಹುಡುಗರು ಖುಷಿಪಡುತ್ತಾರಲ್ಲ, ಅದು ಶಕ್ತಿಯ ಲಕ್ಷಣವಲ್ಲ. ನಮ್ಮ ಬೈಕಿನಲ್ಲಂತೂ ಬೆಸುಗೆಯ ಸಂದಿಯಿಂದ ಹೊರಗಿನ ಗಾಳಿ ಒಳಸೇರಿ, ಉರಿಯದೆ ಉಳಿದ ಪೆಟ್ರೋಲ್ ಕೊಳವೆಯೊಳಗೆ ಹೊತ್ತಿಕೊಳ್ಳುತ್ತಿದ್ದ ಸದ್ದು ಅದು. 2020ರ ಏಪ್ರಿಲ್ ನಂತರದ ಬಿಎಸ್-6 ಬೈಕುಗಳಲ್ಲಿ ಇನ್ನೂ ಸೂಕ್ಷ್ಮ. ಅವುಗಳ ಹೊಗೆಯ ದಾರಿಯಲ್ಲಿ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಇರುತ್ತದೆ. ಪೈಪ್ ಬದಲಾದರೆ ಅದರ ಲೆಕ್ಕವೇ ತಪ್ಪುತ್ತದೆ.

ಮೆಕ್ಯಾನಿಕರಿಗೆ ಹಳೆಯ ದಿನಗಳ ನೆನಪಾಯಿತು. ಮೈಸೂರಿನ ಕಾರ್ಖಾನೆಯಿಂದ ಬರುತ್ತಿದ್ದ ಜಾವಾ, ಯೆಜ್ಡಿ 250 ಬೈಕುಗಳಿಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಒಂದು ಬದಿಯದ್ದು ತುಕ್ಕು ಹಿಡಿದರೆ ಸಿಕ್ಕಿದ್ದನ್ನು ಜೋಡಿಸಿಕೊಂಡು ಬರುವವರಿದ್ದರಂತೆ. ಎರಡು ಕಡೆ ಎರಡು ಸ್ವರ. 1985ರಿಂದ 1996ರವರೆಗೆ ಬಂದ ಯಮಹಾ ಆರ್‌ಎಕ್ಸ್ 100ರ ಕಥೆ ಇನ್ನೂ ಕುತೂಹಲದ್ದು. ಅಂಥ ಎರಡು ಸ್ಟ್ರೋಕಿನ ಇಂಜಿನ್ನುಗಳಲ್ಲಿ ಸೈಲೆನ್ಸರಿನಿಂದ ಹಿಂದಿರುಗುವ ಒತ್ತಡದ ಅಲೆಯೇ, ಹೊರಗೆ ಜಾರಿಹೋಗುತ್ತಿರುವ ಹೊಸ ಇಂಧನವನ್ನು ಸಿಲಿಂಡರಿನೊಳಕ್ಕೆ ಮರಳಿ ದೂಡುತ್ತದೆ. ಅಳತೆ ಸ್ವಲ್ಪ ತಪ್ಪಿದರೂ ಬೈಕಿನ ಜೀವವೇ ಹೋದಂತೆ. "ಸೈಲೆನ್ಸರ್ ಇಂಜಿನ್ನಿನ ಹೊರಗೆ ಕಾಣುತ್ತದೆ ಮಾಷ್ಟ್ರೇ, ಆದರೆ ಅದೂ ಇಂಜಿನ್ನೇ" ಎಂದರು ಅವರು.

ಕಾಣೆಯಾದ ಬೆಲೆಬಾಳುವ ವಸ್ತು

ಮೂಲ ಸೈಲೆನ್ಸರ್ ಎಲ್ಲಿ ಹೋಯಿತು? ಯಾರಾದರೂ ಯಾಕೆ ತೆಗೆದಿರಬಹುದು? ಇದಕ್ಕೂ ಉತ್ತರ ಸಿಕ್ಕಿತು. ಈಚಿನ ಬೈಕುಗಳ ಹೊಗೆಯ ದಾರಿಯಲ್ಲಿ ಜೇನುಗೂಡಿನಂಥ ಒಂದು ಭಾಗವಿರುತ್ತದೆ. ಅದನ್ನು ಕ್ಯಾಟಲಿಟಿಕ್ ಕನ್ವರ್ಟರ್ ಎನ್ನುತ್ತಾರೆ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ದುಬಾರಿ ಲೋಹಗಳ ತೆಳು ಲೇಪ ಇರುತ್ತದೆ. ಇಂಜಿನ್ನಿನಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಇಲ್ಲಿ ಕಾರ್ಬನ್ ಡೈಆಕ್ಸೈಡ್ ಆಗಿ ಮಾರ್ಪಡುತ್ತದೆ. ಉರಿಯದೆ ಉಳಿದ ಇಂಧನದ ಅಂಶವೂ ಕಡಿಮೆಯಾಗುತ್ತದೆ. ಆ ಲೋಹದ ಆಸೆಗೆ ಮೂಲ ಸೈಲೆನ್ಸರ್ ಗುಜರಿಗೆ ಹೋಗುವುದುಂಟು. ಬದಲಿಗೆ ಬರುವುದು ಟೊಳ್ಳು ಡಬ್ಬಿ.

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಮುಚ್ಚಿದ ಶೆಡ್ಡಿನಲ್ಲೋ, ಮಕ್ಕಳು ಆಡುವ ಚಾವಡಿಯಲ್ಲೋ ಬೈಕ್ ಸ್ಟಾರ್ಟ್ ಮಾಡಿ ಬಿಡುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ ಇಂದೇ ನಿಲ್ಲಿಸಿ. ಸೈಲೆನ್ಸರ್ ಸರಿಯಿದ್ದರೂ ಇದು ಅಪಾಯ, ಕೆಟ್ಟಿದ್ದರಂತೂ ಹೇಳಬೇಕಾಗಿಲ್ಲ.

"ಆದರೆ ಎಮಿಷನ್ ಟೆಸ್ಟ್ ಪಾಸಾಗಿದೆಯಲ್ಲ!" ಎಂದು ನಾನು ಸರ್ಟಿಫಿಕೇಟ್ ತೋರಿಸಿದೆ. ಅದಕ್ಕೂ ಅವರಲ್ಲಿ ಉತ್ತರವಿತ್ತು. ಪರೀಕ್ಷೆಯ ನಳಿಗೆಯನ್ನು ಸೈಲೆನ್ಸರಿನ ತುದಿಗೆ ಇಡುತ್ತಾರೆ. ನಡುವೆ ಸೋರುವಿಕೆ ಇದ್ದರೆ ಹೊರಗಿನ ಗಾಳಿ ಒಳಸೇರಿ ಹೊಗೆ ತೆಳುವಾಗುತ್ತದೆ. ಆಗ ಯಂತ್ರ ತೋರಿಸುವ ಅಂಕೆ ಇದ್ದುದಕ್ಕಿಂತ ಕಡಿಮೆ ಬರಬಹುದು. ನಾನು ಶಿಕ್ಷಕ. ಕಾಪಿ ಹೊಡೆದು ಪಾಸಾಗುವುದೆಂದರೆ ಏನೆಂದು ನನಗೆ ಗೊತ್ತು. ಸುಮ್ಮನಾದೆ.

ಕಾನೂನು ಏನು ಹೇಳುತ್ತದೆ?

ಕಾರ್ಖಾನೆಯಿಂದ ಹೊರಬರುವ 80ರಿಂದ 175 ಸಿಸಿವರೆಗಿನ ದ್ವಿಚಕ್ರ ವಾಹನದ ಸದ್ದು ಪರೀಕ್ಷೆಯಲ್ಲಿ 77 ಡೆಸಿಬೆಲ್ ಮೀರಬಾರದೆಂದು 2005ರಿಂದ ನಿಯಮವಿದೆ. ಡೆಸಿಬೆಲ್ ಲೆಕ್ಕ ನಮ್ಮ ಸಾಮಾನ್ಯ ಲೆಕ್ಕದಂತಲ್ಲ. 77 ಇದ್ದದ್ದು 87 ಆದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ನಮ್ಮ ಕಿವಿಗೆ ಅದು ಸುಮಾರು ಎರಡರಷ್ಟಾಗಿ ಕೇಳಿಸುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ.

1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 190ನೇ ಸೆಕ್ಷನ್ ಶಬ್ದ ಮತ್ತು ಹೊಗೆಯ ಮಿತಿ ಮೀರಿದ ವಾಹನ ಓಡಿಸುವವರ ಕುರಿತದ್ದು. 2019ರ ತಿದ್ದುಪಡಿಯ ನಂತರ ಇದಕ್ಕೆ ಮೂರು ತಿಂಗಳವರೆಗೆ ಸಜೆ ಅಥವಾ ಹತ್ತು ಸಾವಿರದವರೆಗೆ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸನ್ಸ್ ಅನರ್ಹತೆಗೂ ಅವಕಾಶವಿದೆ. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಇಟ್ಟು ರೋಡ್ ರೋಲರ್ ಹರಿಸಿದ ಚಿತ್ರಗಳನ್ನು ನೀವೂ ನೋಡಿರಬಹುದು.

"ನಾವು ಹಾಕಿಸಿದ್ದಲ್ಲ, ಕೊಂಡಾಗಲೇ ಹಾಗಿತ್ತು" ಎಂದರೆ? ರಸ್ತೆಯಲ್ಲಿ ಓಡಿಸುತ್ತಿರುವವರು ನಾವೇ ತಾನೇ. ಕೊಟ್ಟವರನ್ನು ಹುಡುಕಿಕೊಂಡು ಹೋಗಿ ಕೇಳಿದಾಗ ಅವರು ಹೇಳಿದ್ದೂ ಅದೇ ಮಾತು: "ನಾನು ತಗೊಳ್ಳುವಾಗಲೇ ಹಾಗಿತ್ತು." ಹೀಗೆ ಒಬ್ಬರಿಂದೊಬ್ಬರಿಗೆ ದಾಟುತ್ತಾ ಬಂದ ತಪ್ಪು ನಮ್ಮ ಅಂಗಳದಲ್ಲಿ ನಿಂತಿತ್ತು.

ಮುಂದಿದ್ದ ದಾರಿಗಳು

ಮೆಕ್ಯಾನಿಕ್ ಎಲ್ಲ ದಾರಿಗಳನ್ನೂ ಬಿಡಿಸಿಟ್ಟರು. ಇರುವುದಕ್ಕೇ ಮತ್ತೆ ವೆಲ್ಡಿಂಗ್ ಮಾಡಿ, ಒಳಗೆ ಒಂದು ತಡೆ ಕೂರಿಸುವುದು ಮೊದಲನೆಯದು. ಆರೇಳು ನೂರರಲ್ಲಿ ಮುಗಿಯುತ್ತದೆ. ಸದ್ದು ತಗ್ಗೀತು, ಹೊಗೆಯ ಸಮಸ್ಯೆ ಹಾಗೆಯೇ. ಲೋಕಲ್ ಪೀಸ್ ಹಾಕುವುದು ಎರಡನೆಯದು. ನೋಡಲು ಮೂಲದಂತೆಯೇ ಇರುತ್ತದೆ, ಬೆಲೆಯೂ ಕಡಿಮೆ, ಆದರೆ ಒಳಗೆ ಕನ್ವರ್ಟರ್ ಇರುವುದಿಲ್ಲ. ಮೂರನೆಯದು, ಗುಜರಿಯಿಂದ ಇದೇ ಮಾದರಿಯ ಹಳೆಯ ಸೈಲೆನ್ಸರ್ ಹುಡುಕುವುದು. ಸಿಕ್ಕರೆ ಲಾಭ. ಆದರೆ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಬೇಕು. ಒಳಗೆ ಗಲಗಲ ಎಂದರೆ ಜೇನುಗೂಡು ಒಡೆದಿದೆ ಎಂದರ್ಥ. ಏನೂ ಸದ್ದಿಲ್ಲದೆ ತೀರಾ ಹಗುರವಿದ್ದರೆ ಅದನ್ನು ಯಾರೋ ಆಗಲೇ ಖಾಲಿ ಮಾಡಿರಬಹುದು. ನಾಲ್ಕನೆಯದು, ಚಾಸಿಸ್ ನಂಬರ್ ಕೊಟ್ಟು ಕಂಪೆನಿ ಪೀಸ್ ತರಿಸುವುದು. ಬೆಂಡ್ ಪೈಪ್ ಸಹಿತ ಆರೂವರೆ ಸಾವಿರ.

ಪಕ್ಕದಲ್ಲಿ ನಿಂತಿದ್ದವರೊಬ್ಬರು ಐದನೆಯ ದಾರಿಯನ್ನೂ ತೋರಿಸಿದರು. "ಇಷ್ಟೆಲ್ಲ ಯಾಕೆ ಮಾಷ್ಟ್ರೇ? ಹಾಗೇ ಮಾರಿಬಿಡಿ. ಗಿರಾಕಿ ಸೈಲೆನ್ಸರ್ ಬಗ್ಗಿ ನೋಡುತ್ತಾನೆಯೇ?"

ನಿಜ ಹೇಳಬೇಕೆಂದರೆ ಆ ರಾತ್ರಿ ನನಗೆ ಐದನೆಯ ದಾರಿಯೇ ಹೆಚ್ಚು ಹಿಡಿಸಿತು. ಚೌಕಾಸಿಯಲ್ಲಿ ಉಳಿಸಿದ ಐದು ಸಾವಿರಕ್ಕೆ ಇನ್ನೂ ಒಂದೂವರೆ ಸಾವಿರ ಸೇರಿಸಿ ಕೊಡಬೇಕು! ಬಗ್ಗಿ ನೋಡದ ಗಿರಾಕಿ ಸಿಕ್ಕೇ ಸಿಗುತ್ತಾನೆ. ನಾನೇ ಅಂಥವನಾಗಿದ್ದೆನಲ್ಲ.

ಮಗ ಹೇಳದೆ ಇದ್ದ ಮಾತು

ಊಟಕ್ಕೆ ಕುಳಿತಾಗ ಮಗನ ಮೇಲೆ ರೇಗಿದೆ. "ನಿನಗೂ ಆ ಸದ್ದು ಚೆಂದವೆನಿಸಿತೋ ಏನೋ. ಒಂದು ದಿನವಾದರೂ ಹೇಳಿದ್ದೀಯಾ?" ಅವನು ತಟ್ಟೆಯಿಂದ ತಲೆಯೆತ್ತಲಿಲ್ಲ. ಉತ್ತರಿಸಿದ್ದು ಪತ್ನಿ.

"ರಾತ್ರಿ ಅವನ ಬೈಕಿನ ಸದ್ದು ಕೇಳಿ ಎಷ್ಟು ದಿನವಾಯಿತು, ಗಮನಿಸಿದ್ದೀರಾ?"

ನಿಜ, ಕೇಳಿರಲಿಲ್ಲ. ಕಿವಿಗೆ ಅಭ್ಯಾಸವಾಯಿತೆಂದುಕೊಂಡಿದ್ದೆ. ಆಗ ತಿಳಿಯಿತು: ಎರಡು ತಿಂಗಳಿಂದ ಅವನು ಸೇತುವೆಯ ಬಳಿ ಇಂಜಿನ್ ಬಂದ್ ಮಾಡಿ, ಅಲ್ಲಿಂದ ಮನೆಯವರೆಗಿನ ಏರಿನಲ್ಲಿ ಬೈಕನ್ನು ದೂಡಿಕೊಂಡು ಬರುತ್ತಿದ್ದ. ಒಂದು ದಿನ ಪಕ್ಕದ ಮನೆಯ ಅಜ್ಜಿ ಬೆಚ್ಚಿಬಿದ್ದು ಎದ್ದು ಕುಳಿತದ್ದನ್ನು ಅವರ ಮೊಮ್ಮಗ ಹೇಳಿದ್ದನಂತೆ.

"ನನ್ನ ಹತ್ತಿರ ಯಾಕೆ ಹೇಳಲಿಲ್ಲ?"

"ನೀವು ಅಷ್ಟು ಖುಷಿಯಿಂದ ತಂದದ್ದು ಬಾಪಾ. ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಿರಿ. ಹೇಗೆ ಹೇಳಲಿ?"

ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಸದ್ದು ಮಾಡುತ್ತಿದ್ದುದು ಬೈಕ್ ಮಾತ್ರವಲ್ಲ, ನನ್ನ ಚೌಕಾಸಿಯ ಹೆಮ್ಮೆಯೂ ಆಗಿತ್ತು. ಅದನ್ನು ಕೆಡಿಸಬಾರದೆಂದು ಹುಡುಗನೊಬ್ಬ ಪ್ರತಿ ರಾತ್ರಿ ಬೆವರುತ್ತಿದ್ದ. ಹದಿಹರೆಯದ ಮಕ್ಕಳೆಂದರೆ ಸದ್ದು, ಗತ್ತು, ವೇಗ ಎಂದು ನಾವು ಹಿರಿಯರು ತೀರ್ಮಾನಿಸಿಬಿಡುತ್ತೇವೆ. ಅವರನ್ನೇ ಒಮ್ಮೆ ಕೇಳಿ ನೋಡುವುದಿಲ್ಲ.

ತೀರ್ಮಾನ

ಆ ರಾತ್ರಿಯೇ ತೀರ್ಮಾನವಾಯಿತು. ಮನೆಗೆ ಸುಣ್ಣ ಬಳಿಸಲು ಇಟ್ಟಿದ್ದ ಹಣದಲ್ಲಿ ಕಂಪೆನಿ ಪೀಸ್ ತರಿಸಿದೆವು. ಅದು ಬರುವ ಹತ್ತು ದಿನ ಬೈಕ್ ಅಂಗಳದಲ್ಲೇ ನಿಂತಿತು. ಮಗನನ್ನು ಕರೆತರಲು ನಾನು ರಾತ್ರಿ ನನ್ನ ಹಳೆಯ ಸ್ಕೂಟರಿನಲ್ಲಿ ಪೇಟೆಗೆ ಹೋಗುತ್ತಿದ್ದೆ. ಆ ಹತ್ತು ದಿನಗಳಲ್ಲಿ ದಾರಿಯುದ್ದಕ್ಕೂ ನಾವಿಬ್ಬರೂ ಆಡಿದಷ್ಟು ಮಾತು ಹಿಂದಿನ ಒಂದು ವರ್ಷದಲ್ಲಿ ಆಡಿರಲಿಲ್ಲ.

ಜೋಡಿಸುವಾಗ ನಾವಿಬ್ಬರೂ ಪಕ್ಕದಲ್ಲಿದ್ದೆವು. ಇಂಜಿನ್ ಬದಿಯ ಹಳೆಯ ಪ್ಯಾಕಿಂಗನ್ನು ಎಸೆದು ಹೊಸದನ್ನೇ ಹಾಕಿದರು. ಎಲ್ಲ ಬೋಲ್ಟುಗಳನ್ನು ಮೊದಲು ಸಡಿಲವಾಗಿ ಕೂರಿಸಿ, ಪೈಪ್ ತನ್ನ ಜಾಗದಲ್ಲಿ ಕುಳಿತ ಮೇಲೆ ಇಂಜಿನ್ ಬದಿಯಿಂದ ಬಿಗಿಯುತ್ತಾ ಬಂದರು. ಸ್ಟಾರ್ಟ್ ಮಾಡಿದಾಗ ಸದ್ದು ಎಷ್ಟು ಸಣ್ಣದಿತ್ತೆಂದರೆ ಮಗ ಬಗ್ಗಿ ನೋಡಿದ, ಇಂಜಿನ್ ಆನ್ ಆಗಿದೆಯೋ ಇಲ್ಲವೋ ಎಂದು.

ಹಳೆಯ ಡಬ್ಬಿಗೆ ಮುನ್ನೂರು ರೂಪಾಯಿ ಕೊಡಲು ಅಲ್ಲೇ ಒಬ್ಬರು ಸಿದ್ಧರಿದ್ದರು. ಇನ್ನೊಂದು ಬೈಕಿಗೆ ಹಾಕಲೆಂದು. ಮಗ ನನ್ನ ಮುಖ ನೋಡಿದ. ನಾನು ಮೆಕ್ಯಾನಿಕರಿಗೆ ಅದನ್ನು ಎರಡು ತುಂಡು ಮಾಡಲು ಹೇಳಿದೆ. ಗುಜರಿಯ ತೂಕದಲ್ಲಿ ಸಿಕ್ಕಿದ್ದು ಅರವತ್ತು ರೂಪಾಯಿ. ಇನ್ನೊಂದು ಮನೆಯ ಅಂಗಳಕ್ಕೆ ಅದು ಹೋಗುವುದು ಬೇಡವೆನಿಸಿತು.

ನೀವು ಹಳೆಯ ಬೈಕ್ ಕೊಳ್ಳುವುದಾದರೆ ನನ್ನಂತೆ ಮಾಡಬೇಡಿ. ಇಂಜಿನ್ ತಣ್ಣಗಿರುವಾಗ ಬಗ್ಗಿ ನೋಡಿ. ಸೈಲೆನ್ಸರಿನಲ್ಲಿ ಅನಗತ್ಯ ಬೆಸುಗೆ, ಮಸಿ, ಉದ್ದಕ್ಕೆ ಕೊರೆದ ತೂತು ಇದೆಯೇ? ಶಾಖ ತಡೆಯುವ ತಗಡು ಇದೆಯೇ? ಅದೇ ಮಾದರಿಯ ಇನ್ನೊಂದು ಬೈಕಿನ ಪಕ್ಕ ನಿಲ್ಲಿಸಿ ಹೋಲಿಸಿ. ಸ್ಟಾರ್ಟ್ ಮಾಡಿಸಿ, ಎಕ್ಸಿಲರೇಟರ್ ಬಿಟ್ಟಾಗ ಸಿಡಿಯುತ್ತದೆಯೇ ಎಂದು ಕೇಳಿ. ತಪ್ಪು ಕಂಡರೆ ಹೊಸ ಸೈಲೆನ್ಸರಿನ ಬೆಲೆಯನ್ನು ಅಲ್ಲೇ ಮಾತಾಡಿ ಕಡಿಮೆ ಮಾಡಿಸಿಕೊಳ್ಳಿ. ನೀವೇ ಮಾರುವವರಾದರೆ, ಇರುವ ಕೊರತೆಯನ್ನು ಬಾಯಿಬಿಟ್ಟು ಹೇಳಿ.

ನಿಮ್ಮ ಮನೆಯಲ್ಲಿ ಈಗಲೇ ಒಂದು ಬೈಕ್ ಇದ್ದರೆ, ಇಂದು ಅದು ಮನೆಗೆ ಬರುವ ಹೊತ್ತಿಗೆ ನೀವು ಪಕ್ಕದ ಮನೆಯ ಅಂಗಳದಲ್ಲಿ ನಿಂತು ಒಮ್ಮೆ ಕೇಳಿಸಿಕೊಳ್ಳಿ. ನಮ್ಮ ಮನೆಯ ಸದ್ದು ನಮ್ಮ ಕಿವಿಗೆ ಬೇಗ ಅಭ್ಯಾಸವಾಗಿಬಿಡುತ್ತದೆ. ನೆರೆಯವರು ದೂರು ಹೇಳಿಲ್ಲವೆಂದ ಮಾತ್ರಕ್ಕೆ ಅವರಿಗೆ ತೊಂದರೆ ಇಲ್ಲವೆಂದಲ್ಲ. ಅವರು ಕಿಟಕಿ ಮುಚ್ಚಿಕೊಂಡಿರಬಹುದು.

ಪಕ್ಕದ ಮನೆಯ ಅಜ್ಜಿಯ ಕಿಟಕಿ ಈಗ ತೆರೆದಿದೆ. ನಮ್ಮ ಮನೆಯ ಗೋಡೆಗೆ ಮಾತ್ರ ಈ ವರ್ಷ ಸುಣ್ಣವಿಲ್ಲ.